ಮೊದಲರ್ಧ ಹೇಳಿದವಳು

ನಮ್ಮ ಮನೆಗೆ ಎರಡು ಬಾಗಿಲುಗಳಿದ್ದ ಕಾಲದ ಮಾತು ಇದು. ಮುಂಬಾಗಿಲು ಮೇಲಿನ ಬೀದಿಗೆ ತೆರೆಯುತ್ತಿತ್ತು, ಹಿಂಬಾಗಿಲು ಕೆಳಗಿನ ಓಣಿಗೆ. ಮೇಲಿನ ಬೀದಿಯಲ್ಲಿ ಭಜನಾ ಮಂದಿರ, ಹೂ ಮಾರುವವರು, ಸೋಡಾ ಅಂಗಡಿ, ಗಾಣದ ಎಣ್ಣೆಯ ವಾಸನೆ. ಕೆಳಗಿನ ಓಣಿಯಲ್ಲಿ ಮಸೀದಿ, ಒಣಮೀನಿನ ಗೋಡೌನು, ಗಲ್ಫಿನ ಹಣದಲ್ಲಿ ಏಳುತ್ತಿದ್ದ ಮನೆಗಳ ಹಸಿ ಸಿಮೆಂಟಿನ ವಾಸನೆ. ಕಾಸರಗೋಡಿಗೂ ಹೊಸಂಗಡಿಗೂ ನಡುವೆ ಇರುವ ನಮ್ಮ ಪೇಟೆಯಲ್ಲಿ ಇವೆರಡನ್ನು ಕೂಡಿಸುವ ಸರಿಯಾದ ದಾರಿ ದೂರದ ಬಸ್‌ಸ್ಟ್ಯಾಂಡಿನ ಹತ್ತಿರ ಇತ್ತು. ಹಾಗಾಗಿ ಅವಸರದವರೆಲ್ಲ ನಮ್ಮ ಮನೆಯೊಳಗಿಂದಲೇ ದಾಟುತ್ತಿದ್ದರು. ಮೀನಿನ ಹೆಂಗಸರು ಹಿಂದಿನಿಂದ ಬಂದು ಮುಂದಿನಿಂದ ಹೋಗುತ್ತಿದ್ದರು. ಹಾಲಿನ ಅಣ್ಣ ಮುಂದಿನಿಂದ ಬಂದು ಹಿಂದಿನಿಂದ ಹೋಗುತ್ತಿದ್ದ. ಮಮ್ಮಿ ಅಡುಗೆಮನೆಯಿಂದಲೇ ಕೇಳುವಳು, "ಯಾರು ದಾಟಿದ್ದು?" ಉತ್ತರ ಬರದಿದ್ದರೂ ಅವಳಿಗೆ ಬೇಸರವಿಲ್ಲ.

ಪಪ್ಪ ಟೈಲರ್. ಮುಂದಿನ ಕೋಣೆಯೇ ಅಂಗಡಿ. ಮೇಲಿನ ಬೀದಿಯವರ ರವಿಕೆ, ಕೆಳಗಿನ ಓಣಿಯವರ ಹಬ್ಬದ ಬಿಳಿ ಅಂಗಿ, ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಾಡುವ ಮಕ್ಕಳ ನಿಲುವಂಗಿ, ಶಾಲೆಯ ನೀಲಿ ಲಂಗ ಎಲ್ಲ ಒಂದೇ ಯಂತ್ರದ ಕೆಳಗೆ ಹಾದುಹೋಗುತ್ತಿದ್ದವು. ಜೋಕಿಮ್ ಪೊರ್ಬುಗಳ ಅಳತೆ ತಪ್ಪುವುದಿಲ್ಲ ಎಂದು ಎರಡೂ ಕಡೆಯವರು ಹೇಳುತ್ತಿದ್ದರು. ನಮ್ಮಂಥ ಕೊಂಕಣಿ ಕ್ರೈಸ್ತರನ್ನು ನಮ್ಮಲ್ಲಿ ಪೊರ್ಬುಗಳು ಎಂದೇ ಕರೆಯುವುದು.

ಹಿಂಬಾಗಿಲಿನಿಂದ ಮೂರನೆಯ ಮನೆ ಮೈಮೂನಾಳದು. ಅವಳ ಬಾಪ ಶಾರ್ಜಾದಲ್ಲಿದ್ದರು. ಮನೆಯಲ್ಲಿ ಉಮ್ಮ, ಹಮೀದ್ ಮಾಮ, ಮತ್ತೆ ಕಿವಿಯ ಅಂಚಿನುದ್ದಕ್ಕೂ ಚಿನ್ನದ ಅಲಿಕತ್ತು ತೂಗಿಸಿಕೊಂಡ ಅಜ್ಜಿ ಬೆಲ್ಯುಮ್ಮ. ಅವರ ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮಲ್ಲಿ ಕೊಂಕಣಿ, ಬೀದಿಯಲ್ಲಿ ತುಳು. ನಾವಿಬ್ಬರು ಮಾತಾಡಿಕೊಳ್ಳುತ್ತಿದ್ದುದು ಶಾಲೆಯ ಕನ್ನಡದಲ್ಲಿ. ಇಬ್ಬರೂ ಕನ್ನಡ ಮೀಡಿಯಂ, ಒಂದೇ ಬೆಂಚು.

ಸಂಜೆ ಏಳಕ್ಕೆ ನಮ್ಮಲ್ಲಿ ತೇರ್ಸ್. ಜಪಮಣಿ ಹಿಡಿದು ಮನೆಯವರೆಲ್ಲ ಅಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಮುಂದೆ ಮೊಣಕಾಲೂರಿ ಮಾಡುವ ಪ್ರಾರ್ಥನೆ. ಅದರಲ್ಲಿ ನಮಾನ್ ಮರಿಯೆ ಎಂಬ ಜಪ ಮತ್ತೆ ಮತ್ತೆ ಬರುತ್ತದೆ. ಮೊದಲರ್ಧವನ್ನು ಒಬ್ಬರು ಹೇಳಿದರೆ ಎರಡನೆಯ ಅರ್ಧವನ್ನು ಉಳಿದವರು ಸೇರಿ ಮುಗಿಸಬೇಕು. ಕೆಲವು ಮನೆಗಳಲ್ಲಿ ಮಕ್ಕಳಿಗೂ ಸರದಿಯಲ್ಲಿ ಮೊದಲರ್ಧ ಹೇಳಿಸುತ್ತಾರೆ. ನಮ್ಮಲ್ಲಿ ಅದು ಆದಿಯಿಂದ ಅಂತ್ಯದವರೆಗೆ ಪಪ್ಪನದೇ. ನಾನು ಅರ್ಧ ನಿದ್ದೆಯಲ್ಲಿ, ಮೊಣಕಾಲು ನೋಯಿಸಿಕೊಂಡು, ಪಪ್ಪನ ಸ್ವರ ನಿಂತಲ್ಲಿ ನನ್ನ ಸ್ವರ ಸೇರಿಸುತ್ತಿದ್ದೆ, ಅಷ್ಟೇ.

ಮೈಮೂನಾ ಆ ಹೊತ್ತಿಗೆ ಬಂದರೆ ಹಿಂಬಾಗಿಲ ಮೆಟ್ಟಿಲಲ್ಲಿ ಕುಳಿತು ಕಾಯುತ್ತಿದ್ದಳು. ಆಮೇಲೆ ನಾವು ಹೋಮ್‌ವರ್ಕ್ ಮಾಡಬೇಕು, ಇಲ್ಲದಿದ್ದರೆ ಕಲ್ಲಾಟ ಆಡಬೇಕು. ತೇರ್ಸ್ ಮುಗಿದ ಮೇಲೆ ನಮ್ಮಲ್ಲಿ ಮಕ್ಕಳು ಹಿರಿಯರ ಹತ್ತಿರ ಕೈಮುಗಿದು ಬೆಸಾಂವ್ ಕೇಳುವ ಪದ್ಧತಿ. ಬೆಸಾಂವ್ ಅಂದರೆ ಆಶೀರ್ವಾದ. ಪಪ್ಪ ನನ್ನ ಹಣೆ ಮುಟ್ಟಿ, ಹಾಗೆಯೇ ಎರಡು ಹೆಜ್ಜೆ ಹೋಗಿ ಮೆಟ್ಟಿಲಲ್ಲಿ ಕುಳಿತವಳ ತಲೆಯನ್ನೂ ಮುಟ್ಟುತ್ತಿದ್ದರು. "ನಿನಗೂ ಉಂಟು ಮಗಾ, ಇಷ್ಟು ಹೊತ್ತು ಕೂತದ್ದಕ್ಕೆ" ಎನ್ನುತ್ತಿದ್ದರು.

ನಾನು ಏಳನೆಯ ತರಗತಿಯಲ್ಲಿದ್ದಾಗ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಡಿಸೆಂಬರಿನಲ್ಲಿ ಗಲಾಟೆ ಬಂತು. ದೂರದ ಯಾವುದೋ ಸುದ್ದಿ ಮೊದಲು ರೇಡಿಯೋದಲ್ಲಿ ಬಂತು, ಆಮೇಲೆ ಬಾಯಿಂದ ಬಾಯಿಗೆ ಬಂತು, ಆಮೇಲೆ ಬೀದಿಗೆ ಬಂತು. ಆ ವಾರ ಮಮ್ಮಿ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳಿಗೆ ಕೂತಿದ್ದಳು. ಅಡುಗೆಮನೆ ತುಂಬ ತೆಂಗಿನಹಾಲು, ಏಲಕ್ಕಿ, ಕಾದ ಎಣ್ಣೆ. ನಾನೂ ಮೈಮೂನಾಳೂ ನೆಲದಲ್ಲಿ ಕುಳಿತು ಹಿಟ್ಟಿನ ತುಣುಕನ್ನು ಹೊಸ ಬಾಚಣಿಗೆಯ ಹಲ್ಲಿಗೆ ಒತ್ತಿ ಸುರುಳಿ ಮಾಡಿ, ಹುಳದ ಆಕಾರಕ್ಕೇ ಆ ಹೆಸರು ಬಂದ ಕಿಡಿಯೊ ತಯಾರಿಸುತ್ತಿದ್ದೆವು. ಅವಳ ಬೆರಳು ಚುರುಕು.

"ಐರಿನ್, ನಿನ್ನದು ಹುಳದ ಹಾಗೆ ಇಲ್ಲ, ಹುಳವನ್ನು ಯಾರೋ ಮೆಟ್ಟಿದ ಹಾಗೆ ಉಂಟು" ಎಂದಳು.

"ನೋಡು, ಅವಳಿಂದ ಕಲಿ" ಎಂದಳು ಮಮ್ಮಿ. "ಮೈಮು, ನೀನು ನಮ್ಮಲ್ಲೇ ಇದ್ದುಬಿಡು. ಇವಳನ್ನು ಬೆಲ್ಯುಮ್ಮನಿಗೆ ಕೊಡುವ."

"ಬೆಲ್ಯುಮ್ಮ ಬೇಡ ಹೇಳ್ತಾರೆ. ಇವಳು ಬಂಗುಡೆ ಮುಳ್ಳು ತೆಗೀಲಿಕ್ಕೂ ಅಳ್ತಾಳೆ."

ಆ ದಿನ ಮಧ್ಯಾಹ್ನ ಓಣಿಯಲ್ಲಿ ನಮ್ಮ ಹಾಲಿನ ಅಣ್ಣನಿಗೆ ಯಾರೋ ಹೊಡೆದರು. ಸಂಜೆ ಮೇಲಿನ ಬೀದಿಯಲ್ಲಿ ಓಣಿಯವರೊಬ್ಬರ ಚಪ್ಪಲಿ ಅಂಗಡಿಗೆ ಬೆಂಕಿ ಬಿತ್ತು. ಸುಟ್ಟ ರಬ್ಬರಿನ ಆ ವಾಸನೆ ಏಲಕ್ಕಿಯ ವಾಸನೆಯ ಮೇಲೆ ಬಂದು ಕುಳಿತಿತು. ಈಗಲೂ ಡಿಸೆಂಬರಿನಲ್ಲಿ ಏಲಕ್ಕಿ ಕುಟ್ಟುವಾಗ ನನಗೆ ರಬ್ಬರ್ ನೆನಪಾಗುತ್ತದೆ. ಮಕ್ಕಳಿಗೆ ಹೇಳುವುದಿಲ್ಲ.

ಎರಡು ದಿನ ಎಲ್ಲ ಮುಚ್ಚಿತ್ತು. ಮೂರನೆಯ ದಿನ ಪರಿಸ್ಥಿತಿ ಶಾಂತ ಎಂದರು. ಅರ್ಧವಾರ್ಷಿಕ ಪರೀಕ್ಷೆಯ ಕೊನೆಯ ಪೇಪರು ಬಾಕಿ ಇತ್ತು. ಮೈಮೂನಾಳಿಗೆ ಹಮೀದ್ ಮಾಮ ಬೇಡವೆಂದರೂ ಅವಳು ಅತ್ತು ಹಟಮಾಡಿ ಹೊರಟಳು. ಕ್ಲಾಸಿಗೆ ಯಾವಾಗಲೂ ಅವಳೇ ಮೊದಲು. ಒಂದು ಪೇಪರು ಬಿಟ್ಟರೆ ಆ ಸ್ಥಾನ ಹೋಗುತ್ತದೆ ಎಂಬ ಚಿಂತೆ ಅವಳಿಗೆ. ಪಪ್ಪನೇ ಇಬ್ಬರನ್ನೂ ಶಾಲೆಯವರೆಗೆ ಬಿಟ್ಟು, ಹೊಲಿದ ಬಟ್ಟೆ ಕೊಡಲು ಕುಂಜತ್ತೂರಿಗೆ ಬಸ್ಸು ಹತ್ತಿದರು. ಮೂರೂವರೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದರು.

ಪೇಪರು ಅರ್ಧ ಆಗುವಾಗಲೇ ಗಂಟೆ ಬಾರಿಸಿತು. ಎಲ್ಲೋ ಮತ್ತೆ ಸುರುವಾಗಿದೆ ಎಂದರು. ಮೇಲಿನ ಬೀದಿಯ ಮಕ್ಕಳನ್ನು ಮನೆಯವರು ಬಂದು ಕರೆದುಕೊಂಡು ಹೋದರು. ಓಣಿಯ ಏಳೆಂಟು ಮಕ್ಕಳನ್ನು ಪ್ಯೂನ್ ರೈಲ್ವೆ ಹಳಿಯ ಬದಿಯಿಂದ ಕರೆದುಕೊಂಡು ಹೋಗಿ ಆಗಿತ್ತು. ಮೈಮೂನಾ ಆಗ ನನ್ನ ಪಕ್ಕದಲ್ಲಿ ಪೇಪರು ಮುಗಿಸುವ ಹಟದಲ್ಲಿ ಬರೆಯುತ್ತಿದ್ದಳು. ಅವಳು ಉಳಿದದ್ದನ್ನು ಯಾರೂ ನೋಡಿರಲಿಲ್ಲ. ಬಸ್ಸುಗಳು ನಿಂತವು, ಪಪ್ಪ ಬರುವ ಹಾಗಿಲ್ಲ ಎಂದು ತಿಳಿದಾಗ ಶಾಲೆಯಲ್ಲಿ ಉಳಿದಿದ್ದದ್ದು ನಾವಿಬ್ಬರು ಮತ್ತು ಸರೋಜಿನಿ ಟೀಚರ್. ಅವರೂ ತಮ್ಮ ಮನೆಗೆ ಹೋಗಬೇಕಿತ್ತು.

ಟೀಚರ್ ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತು ಬೀದಿ ನೋಡಿದರು. ಆಮೇಲೆ ಬಂದು ಮೈಮೂನಾಳ ತಲೆಯಿಂದ ಬಿಳಿ ತಟ್ಟವನ್ನು ತೆಗೆದು ಮಡಚಿ ತಮ್ಮ ಬ್ಯಾಗಿಗೆ ಹಾಕಿದರು. ತಲೆವಸ್ತ್ರ ಇಲ್ಲದೆ ಅವಳ ಮುಖ ಬೇರೆ ಯಾರದೋ ಹಾಗೆ ಸಣ್ಣದಾಗಿ ಕಂಡಿತು.

"ಐರಿನ್, ನಿನ್ನ ಸರ ಕೊಡು" ಎಂದರು. ಮೊದಲ ಕ್ರಿಸ್ತಪ್ರಸಾದದ ದಿನ ಕೊಟ್ಟಿದ್ದ ಸಣ್ಣ ಶಿಲುಬೆಯ ಸರ. ಬಿಚ್ಚಿ ಕೊಟ್ಟೆ. ಅದನ್ನು ಮೈಮೂನಾಳ ಕೊರಳಿಗೆ ಹಾಕಿ, ಶಿಲುಬೆ ಅಂಗಿಯ ಹೊರಗೆ ಕಾಣುವ ಹಾಗೆ ಸರಿಮಾಡಿದರು.

"ಕೇಳಿದ್ರೆ, ಟೈಲರನ ಮಕ್ಕಳು. ಅಕ್ಕ ತಂಗಿ. ಇವಳು ಮೋನಿಕಾ. ಬೇರೆ ಒಂದು ಮಾತೂ ಬೇಡ. ಓಡ್ಬಾರ್ದು. ಹೋಗಿ."

ಮೋನಿಕಾ ನನ್ನ ನಿಜವಾದ ಅಕ್ಕನ ಹೆಸರು. ಅವಳು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಟೀಚರ್ ಯೋಚನೆ ಮಾಡಿದ್ದು ಸರಿಯೇ. ಅವರು ಒಂದೇ ಒಂದನ್ನು ಯೋಚಿಸಲಿಲ್ಲ. ಇಬ್ಬರಿಗೆ ಇದ್ದದ್ದು ಒಂದೇ ಸರ.

ಮೇಲಿನ ಬೀದಿ ಅಷ್ಟು ಉದ್ದ ಎಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲ ಅಂಗಡಿಗಳ ಹಲಗೆ ಹಾಕಿತ್ತು. ಸುಟ್ಟ ಚಪ್ಪಲಿ ಅಂಗಡಿಯ ಮುಂದೆ ಕರಗಿದ ಹವಾಯಿ ಚಪ್ಪಲಿಗಳು ನೆಲಕ್ಕೆ ಅಂಟಿದ್ದವು. ಅದನ್ನು ದಾಟಿದ ಮೇಲೆ ಸೋಡಾ ಅಂಗಡಿ. ಅಲ್ಲಿ ನಾಲ್ಕೈದು ಮಂದಿ ನಿಂತಿದ್ದರು. ಹೊರಗಿನವರು ಎಂದು ಆಮೇಲೆ ಎಲ್ಲರೂ ಹೇಳಿದರು. ಇರಬಹುದು. ಆದರೆ ಸೋಡಾದ ಸುಧಾಕರಣ್ಣ ಹೊರಗಿನವನಲ್ಲ. ಅವನು ಮುಚ್ಚಿದ ತನ್ನ ಅಂಗಡಿಯ ಕಟ್ಟೆಯಲ್ಲಿ ಕುಳಿತಿದ್ದ. ನಮ್ಮಿಬ್ಬರಿಗೂ ಎಷ್ಟೋ ಸಲ ಗೋಲಿ ಸೋಡಾ ಒಡೆದು ಕೊಟ್ಟವನು.

"ಯಾರ ಮಕ್ಕಳು?" ಚೌಕುಳಿ ಅಂಗಿಯವನು ಕೇಳಿದ. ಅವನ ಕೈಯಲ್ಲಿ ಸೈಕಲ್ಲಿನ ಚೈನು ಸುತ್ತಿತ್ತು.

"ಟೈಲರ್ ಜೋಕಿಮ್."

"ಇಬ್ಬರೂ?"

"ಹೌದು. ಅಕ್ಕ."

ಅವನು ಮೈಮೂನಾಳ ಕೊರಳು ನೋಡಿದ. ಆಮೇಲೆ ನನ್ನ ಕೊರಳು.

"ಅಕ್ಕನಿಗೆ ಶಿಲುಬೆ ಉಂಟು. ನಿನ್ನದೆಲ್ಲಿ?"

ನಾನು ಕೈಯಿಂದ ಖಾಲಿ ಕೊರಳು ಮುಚ್ಚಿಕೊಂಡೆ.

"ಎಂತ, ಅಡವಿಟ್ಟದ್ದಾ?" ಎಂದ ಇನ್ನೊಬ್ಬ. ಉಳಿದವರು ನಕ್ಕರು.

"ಹೆಸರೆಂತ?"

"ಐರಿನ್."

"ಐರಿನ್. ಇವತ್ತು ಕೇಳಿದ್ರೆ ಎಲ್ಲರಿಗೂ ಒಂದೊಂದು ಹೊಸ ಹೆಸರು ಉಂಟು." ಅವನು ಬಗ್ಗಿ ನನ್ನ ಮುಖದ ಹತ್ತಿರ ಬಂದ. ಬಾಯಲ್ಲಿ ಎಲೆಯಡಿಕೆಯ ವಾಸನೆ. "ನಾನು ಮಂಗಳೂರಲ್ಲಿ ಪೊರ್ಬುಗಳ ಬೇಕರಿಯಲ್ಲಿ ಇದ್ದವ. ಸಂಜೆ ಆದ್ರೆ ಒಲೆ ಹತ್ತಿರ ನಿಂತು ತೇರ್ಸ್ ಕೇಳಿ ಕೇಳಿ ನಂಗೆ ಸಾಕಾಗಿದೆ. ಹೇಳು ನೋಡುವ, ನಮಾನ್ ಮರಿಯೆ."

ನನಗೆ ಬಾರದ ಜಪವೇನಲ್ಲ ಅದು. ಧರ್ಮೋಪದೇಶದ ಕ್ಲಾಸಿನಲ್ಲಿ ಎಲ್ಲರ ಜೊತೆ ಪೂರ್ತಿಯಾಗಿ ಹೇಳಿದ್ದೇನೆ. ಆದರೆ ಆ ಕ್ಷಣ ನನ್ನ ಬಾಯಿಗೆ ಬಂದದ್ದು ನಾನು ದಿನಾ ಹೇಳುವ ಎರಡನೆಯ ಅರ್ಧ. ಒಂದು ಸಲ ಹೇಳಿದೆ. ನಿಲ್ಲಿಸಿ ಮತ್ತೆ ಅದನ್ನೇ ಹೇಳಿದೆ.

"ಅದು ಹಿಂದಿನದ್ದು. ಸುರುವಿಂದ ಹೇಳು."

ಸುರು ಸಿಗಲಿಲ್ಲ. ಅದು ಪಪ್ಪನದು, ಪಪ್ಪ ಕುಂಜತ್ತೂರಿನಲ್ಲಿದ್ದರು. ತೊಡೆಯಿಂದ ಕೆಳಗೆ ಬಿಸಿಯಾಗಿ ಮೂತ್ರ ಇಳಿದು ಸಾಕ್ಸು ಒದ್ದೆಯಾಯಿತು. ಅವನು ಅದನ್ನೂ ನೋಡಿದ.

"ಇವಳು ಪೊರ್ಬುಗಳದ್ದಲ್ಲ" ಎಂದ ಹಿಂದಿನವರಿಗೆ. "ಬಾಯಿಪಾಠ ಮಾಡಿ ಕಳಿಸಿದ್ದಾರೆ, ಅರ್ಧ ಮಾತ್ರ. ಕೇಳಿ ಕಲಿತದ್ದು."

ಆಗ ಮೈಮೂನಾ ಸುರುಮಾಡಿದಳು. ಮೆಲ್ಲಗೆ, ಪಪ್ಪನದೇ ರಾಗದಲ್ಲಿ. ಪಪ್ಪ ಉಸಿರು ತೆಗೆದುಕೊಳ್ಳುವಲ್ಲಿಯೇ ಉಸಿರು, ಪಪ್ಪ ಎಳೆಯುವ ಅಕ್ಷರವನ್ನೇ ಎಳೆದು. ಕೊಂಕಣಿ ಒಂದು ಚೂರೂ ತಪ್ಪಲಿಲ್ಲ. ಮೊದಲರ್ಧ ಮುಗಿಸಿ ನಿಲ್ಲಿಸಿದಳು. ಪೂರ್ತಿ ಹೇಳಲು ಅವಳಿಗೆ ಬರುತ್ತಿತ್ತು, ಹೇಳಲಿಲ್ಲ. ನನ್ನ ಕಡೆ ನೋಡಿದಳು. ನಮ್ಮ ಮನೆಯಲ್ಲಿ ಆ ನಿಲುಗಡೆ ಬಂದರೆ ಬಾಯಿ ತನ್ನಷ್ಟಕ್ಕೆ ತೆರೆಯುತ್ತದೆ. ನನ್ನ ಅರ್ಧ ಹೊರಗೆ ಬಂತು. ಅವಳು ಮತ್ತೆ ಸುರುಮಾಡಿದಳು. ನಾನು ಮತ್ತೆ ಮುಗಿಸಿದೆ. ಸುಟ್ಟ ಅಂಗಡಿಯ ಪಕ್ಕದಲ್ಲಿ ನಿಂತು ನಾವಿಬ್ಬರು ತೇರ್ಸ್ ಹೇಳಿದೆವು.

ಸುಧಾಕರಣ್ಣ ಕಟ್ಟೆಯಿಂದ ಎದ್ದ. ಮೈಮೂನಾ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅವಳ ಮುಖ ನೋಡಲಿಲ್ಲ.

"ಸಾಕು ಮಾರಾಯ" ಎಂದ ಚೌಕುಳಿ ಅಂಗಿಯವನಿಗೆ. "ಮಕ್ಕಳ ಹತ್ತಿರ ದೇವರ ಮಾತು ಹೇಳಿಸಿ ನಿಂಗೆ ಎಂತ ಸಿಗ್ತದೆ? ಟೈಲರನ ಮಕ್ಕಳೇ. ಬಿಡು."

ಬಿಟ್ಟರು. ನಾನು ಓಡಲು ಹೊರಟೆ. ಮೈಮೂನಾ ನನ್ನ ಕೈ ಹಿಡಿದು ಜಗ್ಗಿದಳು.

"ಓಡ್ಬೇಡ ಐರಿನ್. ಓಡಿದ್ರೆ ಗೊತ್ತಾಗ್ತದೆ."

ಅವಳ ಕೈ ತಣ್ಣಗಿತ್ತು. ಮನೆಯ ಬಾಗಿಲವರೆಗೂ ನನ್ನ ಕೈ ಬಿಡಲಿಲ್ಲ. ಒಳಗೆ ಬಂದ ಕೂಡಲೇ ಮಮ್ಮಿಯ ಸೀರೆಗೆ ಮುಖ ಹಾಕಿ ನಾನು ಅತ್ತೆ. ಮೈಮೂನಾ ಅಳಲಿಲ್ಲ. ಸರ ಬಿಚ್ಚಿ ಮಿಷನ್ನಿನ ಮೇಲಿಟ್ಟು, "ಆಂಟೀ, ನನಗೆ ತಲೆಗೆ ಹಾಕ್ಲಿಕ್ಕೆ ಒಂದು ಬಟ್ಟೆ ಕೊಡಿ" ಎಂದು ಕೇಳಿದಳು. ಮಮ್ಮಿ ಹೊಲಿಗೆಯಲ್ಲಿ ಉಳಿದ ಬಟ್ಟೆಯ ತುಂಡೊಂದನ್ನು ಕೊಟ್ಟಳು. ಹಿಂಬಾಗಿಲು ತೆಗೆದು ಅವಳನ್ನು ಬೆಲ್ಯುಮ್ಮನ ಕೈಗೆ ಒಪ್ಪಿಸಿ ಬರುವವರೆಗೆ ನಾನು ಅಳುತ್ತಲೇ ಇದ್ದೆ. ಬೆಲ್ಯುಮ್ಮ ಅಲ್ಲಿಂದಲೇ ಕೂಗಿ ನನ್ನನ್ನೂ ಕರೆದರಂತೆ. ನಾನು ಹೋಗಲಿಲ್ಲ.

ಆ ಬೀದಿಯನ್ನು ನಾನು ಎಷ್ಟೋ ಸಲ ಮತ್ತೆ ನಡೆದಿದ್ದೇನೆ, ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಬಿ.ಎಡ್. ಪರೀಕ್ಷೆಯ ಹಾಲಿನಲ್ಲಿ ಕೂಡ. ಸರ ನನ್ನ ಕೊರಳಲ್ಲೇ ಇರುತ್ತಿದ್ದರೆ ಅವನು ಮೈಮೂನಾಳನ್ನು ಕೇಳುತ್ತಿದ್ದ. ಅವಳು ಸುರುವಿಂದ ಕೊನೆಯವರೆಗೆ ಹೇಳಿ ಮುಗಿಸುತ್ತಿದ್ದಳು. ಇಬ್ಬರ ಕೊರಳಲ್ಲೂ ಏನೂ ಇಲ್ಲದಿದ್ದರೂ ಅವಳು ಹೇಳುತ್ತಿದ್ದಳು. ಹೇಗೆ ಬದಲಿಸಿ ನೋಡಿದರೂ ಆ ಬೀದಿಯಲ್ಲಿ ಅಪಾಯ ಬಂದದ್ದು ಅವಳಿಂದ ಅಲ್ಲ, ನನ್ನಿಂದ. ಅವಳನ್ನು ದಾಟಿಸಲು ನನ್ನನ್ನು ಕಳಿಸಿದ್ದು. ದಾಟಿಸಿದ್ದು ಅವಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬೇರೆ ರೀತಿಯಲ್ಲಿ ಬರೆಯುತ್ತಿದ್ದೆನೇನೋ.

ಪಪ್ಪ ಸಂಜೆ ನಡೆದುಕೊಂಡು ಬಂದರು. ಮಮ್ಮಿ ಹೇಳಿದಳು, ನಾನೂ ಹೇಳಿದೆ. ಪಪ್ಪ ಅಲ್ತಾರಿನ ಮುಂದೆ ತುಂಬ ಹೊತ್ತು ಕೂತರು. ಮಮ್ಮಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಸೈರಾಣಿಯೇ ಆ ಹುಡುಗಿಯ ಬಾಯಲ್ಲಿ ಮಾತಾಡಿದ್ದು ಎಂದು ಅವಳ ನಂಬಿಕೆ. ಸೈರಾಣಿ ಅಂದರೆ ಮರಿಯಮ್ಮ. ಪಕ್ಕದ ಫೆಲ್ಸಿಬಾಯಿಗೆ ಹೇಳಿದಳು, ಇಗರ್ಜಿಯಲ್ಲಿ ಹೇಳಿದಳು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, "ಇವಳೇ ಇದ್ದಳಲ್ಲ, ಕೇಳಿ" ಎನ್ನುತ್ತಿದ್ದಳು. ನಾನೂ ಹೇಳುತ್ತಿದ್ದೆ. ಸಾಕ್ಸಿನದು ಬಿಟ್ಟು ಉಳಿದದ್ದೆಲ್ಲ. ಕೇಳಿದವರು ಕಣ್ಣೊರೆಸಿಕೊಂಡು ನನ್ನ ತಲೆ ಸವರುತ್ತಿದ್ದರು. ಕ್ರಿಸ್ಮಸ್ ರಾತ್ರಿಯ ಪ್ರವಚನದಲ್ಲಿ ಪಾದ್ರಿಗಳು ಹೆಸರು ಹೇಳದೆ "ನಮ್ಮ ಪೇಟೆಯ ಒಬ್ಬ ಪುಟ್ಟ ಮುಸ್ಲಿಂ ತಂಗಿ" ಎಂದಾಗ ಇಡೀ ಇಗರ್ಜಿ ನಮ್ಮ ಬೆಂಚಿನ ಕಡೆ ತಿರುಗಿತು. ಅವರಿಗೆ ಒಳ್ಳೆಯ ಉದ್ದೇಶವೇ ಇತ್ತು, ಎಲ್ಲರಿಗೂ ಒಳ್ಳೆಯ ಉದ್ದೇಶವೇ ಇತ್ತು. ನಾನು ಹೊಸ ಫ್ರಾಕಿನಲ್ಲಿ ನೆಟ್ಟಗೆ ಕುಳಿತಿದ್ದೆ.

ಹೊಸ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಹಮೀದ್ ಮಾಮ ಹಿಂಬಾಗಿಲಿಗೆ ಬಂದರು. ಯಾವಾಗಲೂ ಒಳಗೆ ಬಂದು ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂರುವವರು ಅವತ್ತು ಮೆಟ್ಟಿಲ ಕೆಳಗೆ ನಿಂತರು.

"ಜೋಕಿಮಣ್ಣ, ನಿಮ್ಮ ಮೇಲೆ ನನಗೆ ಬೇಸರ ಇಲ್ಲ. ನಿಮ್ಮ ಮಗಳ ಜೊತೆ ನಮ್ಮ ಮಗು ಮನೆಗೆ ಬಂತು. ಅದನ್ನು ಸಾಯುವವರೆಗೆ ಮರೆಯುವುದಿಲ್ಲ."

"ಕೂತ್ಕೊ ಹಮೀದ್."

"ಇಲ್ಲ. ಒಂದು ಕೇಳ್ತೇನೆ. ಅದನ್ನು ಊರಿಡೀ ಯಾಕೆ ಹೇಳಿದ್ದು?"

ಪಪ್ಪ ಕತ್ತರಿ ಕೆಳಗಿಟ್ಟರು.

"ನಿಮಗೆ ಅದು ಅದ್ಭುತ. ಇರಲಿ. ನಮ್ಮ ಓಣಿಯಲ್ಲಿ ಈಗ ಹೊಸಬರು ತುಂಬ ಜನ ಬರ್ತಾರೆ, ಮಾತಾಡ್ತಾರೆ. ಇಗರ್ಜಿಯಲ್ಲಿ ಇವಳ ಬಗ್ಗೆ ಪ್ರವಚನ ಆಯ್ತಂತೆ, ಕೊರಳಿಗೆ ಶಿಲುಬೆ ಹಾಕಿದ್ಳಂತೆ, ಮೊದಲೇ ಎಲ್ಲ ಕಲಿಸಿದ್ರಂತೆ. ಮಸೀದಿಯ ಉಸ್ತಾದರ ಹತ್ತಿರ ನಾನೇ ಕೇಳಿದೆ. ಜೀವ ಉಳಿಸ್ಲಿಕ್ಕೆ ಹೇಳಿದ್ದು, ಮಗುವಿಗೆ ಎಂತ ಪಾಪವೂ ಇಲ್ಲ, ಅದರ ಬಗ್ಗೆ ಯಾರೂ ಮಾತಾಡ್ಬಾರ್ದು ಅಂತ ಹೇಳಿದ್ರು. ಮಾತಾಡ್ಬಾರ್ದು ಅಂದ್ರೆ ಮಾತಾಡದೆ ಇರ್ತಾರಾ? ಮಕ್ಕಳು ಅವಳನ್ನು ಮೋನಿಕಾ ಅಂತ ಕರೀತಾರೆ."

ಮಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಾನು ಹೊಗಳಿಯೇ ಹೇಳಿದ್ದು ಹಮೀದ್" ಎಂದಳು.

"ಗೊತ್ತುಂಟು ಅಕ್ಕಾ. ನೀವು ಹೊಗಳಿ ಹೇಳಿದ್ರಿ. ಅವಳು ಇರ್ಬೇಕಾದ್ದು ಇಲ್ಲಿ."

ಅವರು ಓಣಿಯ ಕಡೆ ಕೈ ತೋರಿಸಿದರು. ನಾನು ಅಂಗಡಿಯ ಮೂಲೆಯಲ್ಲಿ ಗುಂಡಿಗಳ ಡಬ್ಬಿ ಹಿಡಿದುಕೊಂಡು ಕುಳಿತಿದ್ದೆ. ಇಗರ್ಜಿಯಲ್ಲಿ ನೆಟ್ಟಗೆ ಕುಳಿತದ್ದು ನೆನಪಾಗಿ ಬೆನ್ನು ತನ್ನಷ್ಟಕ್ಕೆ ಬಾಗಿತು.

ಮೈಮೂನಾ ಜನವರಿಯಿಂದ ಶಾಲೆಗೆ ಬರಲಿಲ್ಲ. ಅವಳನ್ನು ದೂರದ ಸಂಬಂಧಿಕರ ಮನೆಗೆ ಕಳಿಸಿದರು ಎಂದು ಕೇಳಿದೆ. ಪರೀಕ್ಷೆಯ ಮಾರ್ಕು ಬಂದಾಗ ಆ ಅರ್ಧ ಬರೆದ ಪೇಪರನ್ನೂ ಸೇರಿಸಿ ಅವಳೇ ಮೊದಲು. ಸರೋಜಿನಿ ಟೀಚರ್ ಹೆಸರು ಓದಿ, ತಲೆಯೆತ್ತಿ ನನ್ನ ಪಕ್ಕದ ಖಾಲಿ ಜಾಗ ನೋಡಿ, ಮುಂದಿನ ಹೆಸರಿಗೆ ಹೋದರು. ಮುಂದಿನ ಹೆಸರು ನನ್ನದು.

ಆಮೇಲಿನ ವರ್ಷಗಳಲ್ಲಿ ದೊಡ್ಡ ಗಲಾಟೆ ಏನೂ ಆಗಲಿಲ್ಲ. ಅದಕ್ಕೆ ಕಾರಣ ಜನ ಹತ್ತಿರ ಬಂದದ್ದಲ್ಲ. ಮೇಲಿನ ಬೀದಿಯಲ್ಲಿದ್ದ ಓಣಿಯವರು ಅಂಗಡಿ ಮಾರಿ ಕೆಳಗೆ ಹೋದರು. ಓಣಿಯಲ್ಲಿದ್ದ ಒಂದೆರಡು ತುಳುವರ ಮನೆಗಳು ಮೇಲೆ ಬಂದವು. ಕೆಳಗೆ ಒಬ್ಬ ಟೈಲರ್ ಬಂದ. ಬಿಳಿ ಅಂಗಿಗಳು ನಮ್ಮಲ್ಲಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ದಾಟುವವರು ಇಲ್ಲದ ಮೇಲೆ ಹಿಂಬಾಗಿಲಿನ ಕೆಲಸವೇನು? ಕಳ್ಳರ ಭಯ ಎಂದು ಹೇಳಿ ಪಪ್ಪ ಅದನ್ನು ಕಲ್ಲು ಕಟ್ಟಿ ಮುಚ್ಚಿಸಿದರು. ಯಾರ ಭಯ ಎಂದು ನಾವು ಯಾರೂ ಕೇಳಲಿಲ್ಲ.

ಎರಡು ಸಾವಿರದ ಒಂದರಲ್ಲಿ ಮೋನಿಕಾಳ ಮದುವೆ ಗೊತ್ತಾಯಿತು. ನಾನು ಆಗ ಡಿಗ್ರಿ ಮುಗಿಸಿದ್ದೆ. ಆಮಂತ್ರಣ ಹಂಚಲು ಪಪ್ಪನ ಜೊತೆ ಹೊರಟಾಗ ಪಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು, "ಕೆಳಗೂ ಹೋಗುವ" ಎಂದರು. ಮೂರನೆಯ ಮನೆಗೆ ಹೋಗಲು ಪೇಟೆ ಸುತ್ತಿ ಹೋದೆವು. ಓಣಿ ಅಗಲವಾಗಿತ್ತು, ಎರಡೂ ಬದಿ ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು. ಗೇಟಿನೊಳಗಿಂದ ಮುಖಗಳು ನಮ್ಮನ್ನು ನೋಡಿದವು. ಟೈಲರ್ ಪೊರ್ಬುಗಳು ಎಂದು ಯಾರೋ ಹಿರಿಯರು ಗುರುತಿಸಿ ನಮಸ್ಕಾರ ಮಾಡಿದರು. ಉಳಿದವರಿಗೆ ನಾವು ಯಾರೋ.

ಬಾಗಿಲು ತೆರೆದದ್ದು ಮೈಮೂನಾಳೇ. ಹೆರಿಗೆಗೆ ತವರಿಗೆ ಬಂದಿದ್ದಳು. ಹೆಗಲ ಮೇಲೆ ಮಗು. ಬೆಲ್ಯುಮ್ಮ ತೀರಿಹೋಗಿದ್ದರು. ನಮಗೆ ಯಾರೂ ತಿಳಿಸಿರಲಿಲ್ಲ. ಪಪ್ಪ ಅವಳ ಉಮ್ಮನ ಜೊತೆ ಒಳಗೆ ಮಾತಾಡುತ್ತ ಕುಳಿತರು. ನಾವಿಬ್ಬರು ಜಗಲಿಯಲ್ಲಿ ನಿಂತೆವು.

"ಟೀಚರ್ ಆಗ್ತೀಯಂತೆ" ಎಂದಳು.

"ಬಿ.ಎಡ್.ಗೆ ಹಾಕಿದ್ದೇನೆ. ನೀನು?"

"ಹತ್ತನೇ ತನಕ ಹೋದೆ." ಮಗುವಿನ ಬೆನ್ನು ತಟ್ಟಿದಳು. "ಫಸ್ಟ್ ಕ್ಲಾಸ್."

ನಾನು ಕ್ಷಮೆ ಕೇಳಬೇಕು ಎಂದುಕೊಂಡು ಬಂದವಳು. ಅದಕ್ಕೆ ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಕಾಲೇಜಿನ ಮಾತುಗಳು. ಅವನ್ನು ಬಿಟ್ಟು, "ಆವತ್ತಿಂದು ನೆನಪಾಗ್ತದಾ ಮೈಮು?" ಎಂದೆ.

"ಯಾವುದು?"

ಅವಳಿಗೆ ಗೊತ್ತಿತ್ತು.

"ಅದು ಈಗ ನನಗೆ ಬರುವುದಿಲ್ಲ" ಎಂದಳು. "ಕಲೀಲಿಕ್ಕೆ ಎಂತ ಕಷ್ಟವೂ ಆಗಿರ್ಲಿಲ್ಲ. ಸುಮ್ಮನೆ ಮೆಟ್ಟಿಲಲ್ಲಿ ಕೂತ್ರೆ ಬಂತು. ಮರೀಲಿಕ್ಕೆ ಮಾತ್ರ ತುಂಬ ಕಷ್ಟ ಆಯ್ತು. ನಿದ್ದೆಯಲ್ಲಿ ಬರ್ತಿತ್ತು. ಬೆಲ್ಯುಮ್ಮ ಪಕ್ಕದಲ್ಲಿ ಮಲಗಿ ನನ್ನ ಬಾಯಿಗೆ ಕೈ ಇಡ್ತಿದ್ರು. ಈಗ ಇಲ್ಲ. ಪೂರಾ ಹೋಯ್ತು."

ಅದನ್ನು ದೂರಿನ ಹಾಗೆ ಹೇಳಲಿಲ್ಲ. ಒಂದು ಕೆಲಸ ಮುಗಿಸಿದವರ ಹಾಗೆ ಹೇಳಿದಳು.

"ಮದುವೆಗೆ ಬರ್ತೀಯಾ?"

"ನೋಡುವ."

ನಮ್ಮ ಕಡೆಯಲ್ಲಿ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಹೊರಡುವಾಗ ಗೇಟಿನಲ್ಲಿ ಅವಳ ಗಂಡನ ಮನೆಯ ಹೆಂಗಸೊಬ್ಬರು ಒಳಗೆ ಬರುತ್ತಿದ್ದರು. ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾರು ಎಂದು ಬ್ಯಾರಿಯಲ್ಲಿ ಕೇಳಿದರು.

"ಟೈಲರ್ ಪೊರ್ಬುಗಳು. ಮದುವೆ ಕಾಗದ ಕೊಡ್ಲಿಕ್ಕೆ ಬಂದದ್ದು. ಉಮ್ಮನ ಪರಿಚಯ" ಎಂದಳು ಮೈಮೂನಾ. ನನ್ನ ಪರಿಚಯ ಎನ್ನಲಿಲ್ಲ. ನನಗೆ ಅದರಿಂದ ನೋವಾಗಬೇಕಿತ್ತು. ಆಗಲಿಲ್ಲ. ಅವಳು ಮತ್ತೊಮ್ಮೆ ಸುರಕ್ಷಿತವಾಗಿ ಮನೆ ಸೇರಿದಳು ಎಂದಷ್ಟೇ ಅನ್ನಿಸಿತು. ಈ ಸಲ ಅವಳು ದಾಟಬೇಕಿದ್ದದ್ದು ನನ್ನನ್ನೇ.

ಈಗ ಪಪ್ಪ ಇಲ್ಲ, ಮಮ್ಮಿಗೆ ಮರೆವು. ನಾನು ಅದೇ ಪೇಟೆಯ ಒಂದು ಶಾಲೆಯಲ್ಲಿ ಟೀಚರ್. ಸಂಜೆ ನಾಲ್ಕಕ್ಕೆ ಗಂಟೆ ಬಾರಿಸಿದರೆ ಮಕ್ಕಳು ಅಂಗಳದಲ್ಲಿ ಬಸ್ಸಿನ ಪ್ರಕಾರ ಸಾಲು ನಿಲ್ಲುತ್ತಾರೆ. ಕೆಳಗಿನವರದೊಂದು ಬಸ್ಸು, ಮೇಲಿನವರದೊಂದು. ಸಾಲು ಮಾಡಿಸಲು ನಾವು ಹೇಳಬೇಕಾಗಿಲ್ಲ, ತಾವೇ ಬೇರೆಯಾಗಿ ನಿಲ್ಲುತ್ತಾರೆ. ಜಗಳ ಇಲ್ಲ. ಕ್ಲಾಸಿನಲ್ಲಿ ಪೆನ್ಸಿಲು ಹಂಚಿಕೊಳ್ಳುತ್ತಾರೆ, ಒಟ್ಟಿಗೆ ಆಡುತ್ತಾರೆ. ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನಾನು ಮಾತ್ರ ದಿನಾ ಗೇಟಿನ ಹತ್ತಿರ ನಿಂತು, ಬೇಡವೆಂದರೂ, ಒಂದನ್ನು ಮನಸ್ಸಿನಲ್ಲೇ ಮಾಡಿ ನೋಡುತ್ತೇನೆ. ಇವತ್ತು ಬಸ್ಸು ನಿಂತರೆ, ಈ ಹುಡುಗಿಯನ್ನು ಯಾರ ಜೊತೆ ಕಳಿಸಲಿ? ಆ ಹುಡುಗನನ್ನು? ಒಬ್ಬೊಬ್ಬರ ಮುಖ ನೋಡುತ್ತ ಜೊತೆ ಹುಡುಕುತ್ತೇನೆ. ಮೊನ್ನೆ ಒಬ್ಬಳನ್ನು ಕರೆದು, ಅವಳು ಯಾವಾಗಲೂ ಜೊತೆ ಕೂರುವ ಗೆಳತಿಯನ್ನು ತೋರಿಸಿ ಕೇಳಿದೆ.

"ಇವಳ ಮನೆ ಹೇಗುಂಟು, ಗೊತ್ತುಂಟಾ?"

"ಗೊತ್ತಿಲ್ಲ ಟೀಚರ್. ಹೋಗ್ಲಿಲ್ಲ."

"ಸಂಜೆ ಅವರ ಮನೆಯಲ್ಲಿ ಎಂತ ಮಾಡ್ತಾರೆ?"

ಹುಡುಗಿ ಗೆಳತಿಯ ಮುಖ ನೋಡಿದಳು. ಇಬ್ಬರೂ ನಕ್ಕರು, ನಾನೇನೋ ತಮಾಷೆಯ ಪ್ರಶ್ನೆ ಕೇಳಿದ ಹಾಗೆ. ಆಮೇಲೆ ಹಾರ್ನ್ ಆಯಿತು, ಇಬ್ಬರೂ ತಮ್ಮ ತಮ್ಮ ಬಸ್ಸಿಗೆ ಓಡಿದರು. ನಾನು ಗೇಟು ಹಾಕಿದೆ.